ಮೈಕ್ ಕೊಳ್ಳುವ ಮೊದಲು ಕೋಣೆ ನೋಡಿ

ಮನೆಯಲ್ಲೇ ಕುಳಿತು ಧ್ವನಿಮುದ್ರಣ ಮಾಡುವವರು ಈಗ ಊರೂರಲ್ಲೂ ಇದ್ದಾರೆ. ಭಾವಗೀತೆ ಹಾಡಿ ಯೂಟ್ಯೂಬಿಗೆ ಏರಿಸುವ ಕಾಲೇಜು ಹುಡುಗಿಯರು, ಕಾದಂಬರಿ ಓದಿ ಆಡಿಯೊ ಪುಸ್ತಕ ಮಾಡುವ ನಿವೃತ್ತ ಮೇಷ್ಟ್ರುಗಳು, ತಾವು ಕಲಿತ ಗಮಕವನ್ನು ಮುಂದಿನವರಿಗೆ ಉಳಿಸಿ ಹೋಗಬೇಕೆನ್ನುವ ಹಿರಿಯರು, ಅಮೆರಿಕದಲ್ಲಿದ್ದುಕೊಂಡು ಮಕ್ಕಳಿಗಾಗಿ ಕನ್ನಡದಲ್ಲಿ ಕಥೆ ಹೇಳುವ ತಾಯಂದಿರು. ಇವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ಮೈಕ್ ತಗೊಳ್ಳಲಿ?

ನನ್ನನ್ನು ಕೇಳಿದವರಿಗೆ ನಾನು ಮರುಪ್ರಶ್ನೆ ಹಾಕುತ್ತೇನೆ. ಯಾವ ಕೋಣೆಯಲ್ಲಿ ಕೂರುತ್ತೀರಿ? ಕಿಟಕಿ ಯಾವ ಕಡೆಗಿದೆ? ಫ್ಯಾನ್ ನಿಲ್ಲಿಸಿ ಎಷ್ಟು ಹೊತ್ತು ಇರಬಲ್ಲಿರಿ? ಕೇಳಿದವರ ಮುಖ ಸ್ವಲ್ಪ ಸಪ್ಪಗಾಗುತ್ತದೆ. ಅವರಿಗೆ ಬೇಕಾಗಿರುವುದು ಒಂದು ಹೆಸರು, ಒಂದು ಬೆಲೆ. ಆದರೆ ಸ್ಟುಡಿಯೊಗಳಲ್ಲಿ ಬಳಸುವ ಕಂಡೆನ್ಸರ್ ಮೈಕಿನ ಸ್ವಭಾವ ಗೊತ್ತಾದರೆ, ಕೋಣೆಯ ಮಾತು ಮೊದಲು ಯಾಕೆ ಬರಬೇಕು ಎಂಬುದೂ ಗೊತ್ತಾಗುತ್ತದೆ.

ಅದರ ಒಳಗಿರುವುದು ಒಂದು ತೆಳುಪೊರೆ. ಮೃದಂಗದ ಬಾಯಿಗೆ ಚರ್ಮ ಬಿಗಿದ ಹಾಗೆ ಉಂಗುರವೊಂದಕ್ಕೆ ಬಿಗಿದ ಪ್ಲಾಸ್ಟಿಕ್ ಪೊರೆ; ದಪ್ಪ ಕೆಲವೇ ಮೈಕ್ರಾನ್, ಮೇಲೆ ಸಾಮಾನ್ಯವಾಗಿ ಚಿನ್ನದ ಲೇಪ. ಅದರ ಬೆನ್ನಿಗೇ, ಕೂದಲೆಳೆಯಷ್ಟು ಅಂತರದಲ್ಲಿ ಗಟ್ಟಿಯಾದ ಲೋಹದ ತಟ್ಟೆ. ಎರಡರ ನಡುವೆ ವಿದ್ಯುದಾವೇಶ. ಧ್ವನಿ ಬಡಿದಾಗ ಪೊರೆ ಅಲುಗುತ್ತದೆ, ಅಂತರ ಹೆಚ್ಚು ಕಡಿಮೆಯಾಗುತ್ತದೆ, ಅದಕ್ಕೆ ತಕ್ಕಂತೆ ವೋಲ್ಟೇಜು ಏರಿಳಿಯುತ್ತದೆ. ವೇದಿಕೆಗಳಲ್ಲಿ ಕೈಯಲ್ಲಿ ಹಿಡಿಯುವ ಡೈನಾಮಿಕ್ ಮೈಕಿನಲ್ಲಾದರೆ ಪೊರೆಗೆ ಅಂಟಿದ ತಂತಿಯ ಸುರುಳಿಯನ್ನೂ ಧ್ವನಿಯೇ ತಳ್ಳಬೇಕು. ಕಂಡೆನ್ಸರಿಗೆ ಆ ಹೊರೆ ಇಲ್ಲ. ಅದಕ್ಕೇ ವೀಣೆಯ ತಂತಿಯ ಮೇಲೆ ಬೆರಳು ಜಾರುವ ಸದ್ದು, ಪಲ್ಲವಿ ಎತ್ತುವ ಮೊದಲು ಹಾಡುಗಾರ್ತಿ ಎಳೆದುಕೊಳ್ಳುವ ಉಸಿರು, ಮಾತಿನ ಕೊನೆಯಲ್ಲಿ ಕರಗುವ ಸ್ವರ ಇವೆಲ್ಲ ಅದಕ್ಕೆ ಸಿಗುತ್ತವೆ. ಅದೇ ಕಿವಿಗೆ ಪಕ್ಕದ ಮನೆಯ ಕುಕ್ಕರ್, ಇನ್ವರ್ಟರಿನ ಗುಂಯ್‌ಗುಡುವಿಕೆ, ಬೀದಿಯಲ್ಲಿ ನೀರಿನ ಟ್ಯಾಂಕರು ಹಿಂದೆ ಸರಿಯುವ ಸದ್ದು ಎಲ್ಲವೂ ಸಿಗುತ್ತವೆ. ಬರಿಗೋಡೆಗೆ ಬಡಿದು ಮರಳಿ ಬರುವ ನಿಮ್ಮದೇ ದನಿಯಂತೂ ತಪ್ಪದೆ ಸಿಗುತ್ತದೆ.

ಈ ಸೂಕ್ಷ್ಮತೆ ಬರುವ ಮೊದಲು ಹಾಡುಗಾರರ ಪಾಡು ಹೇಗಿತ್ತು ಎಂಬುದನ್ನು ಒಮ್ಮೆ ನೆನೆಯಬೇಕು. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಧ್ವನಿಮುದ್ರಣಕ್ಕೆ ಹಾಡಿದ್ದು ತಗಡಿನ ಕಹಳೆಯ ಬಾಯಿಗೆ. ಮೈಕ್ ಇಲ್ಲ, ಕರೆಂಟಿಲ್ಲ. ದನಿಯ ಬಲವೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೀರು ಮೂಡಿಸಬೇಕಿತ್ತು. ಗಟ್ಟಿಯಾಗಿ ಹಾಡಿದ್ದಷ್ಟೇ ಉಳಿಯುತ್ತಿತ್ತು, ಮೆಲುದನಿ ಅಲ್ಲೇ ಇಲ್ಲವಾಗುತ್ತಿತ್ತು. ಕಂಡೆನ್ಸರ್ ಮೈಕನ್ನು ಅಮೆರಿಕದ ಇ.ಸಿ. ವೆಂಟೆ ರೂಪಿಸಿದ್ದು 1916ರಲ್ಲಿ. ಮೈಕ್ ಬಳಸುವ ವಿದ್ಯುತ್ ಮುದ್ರಣ ರೆಕಾರ್ಡ್ ಕಂಪನಿಗಳಿಗೆ ಬಂದದ್ದು 1925ರಲ್ಲಿ. ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ಹೆಸರು ಮೆರೆದ ಮುದ್ರಿಕೆಗಳೆಲ್ಲ ಕಹಳೆಯ ಕಾಲದವು. ಆ ಮಹಾಗಾಯಕಿಯ ಪಿಸುಸ್ವರ ಹೇಗಿತ್ತೆಂದು ನಮಗೆ ಕೇಳುವ ಭಾಗ್ಯವಿಲ್ಲ ಎನ್ನುವುದು ನನಗೆ ಈಗಲೂ ಸಂಕಟದ ಸಂಗತಿ.

ಬರ್ಲಿನ್ನಿನ ಗಿಯೋರ್ಗ್ ನಾಯ್ಮನ್ 1928ರಲ್ಲಿ ಕಂಡೆನ್ಸರ್ ಮೈಕುಗಳನ್ನು ಮಾರಾಟಕ್ಕೆಂದೇ ತಯಾರಿಸತೊಡಗಿದರು. ಅವರ ಕಂಪನಿಯ ಯು 47 ಮೈಕ್ 1949ರಲ್ಲಿ, ಯು 87 1967ರಲ್ಲಿ ಬಂದವು. ದೊಡ್ಡ ಸ್ಟುಡಿಯೊಗಳಲ್ಲಿ ಇಂದಿಗೂ ಮೈಕ್ ಎಂದರೆ ಯು 87, ಬೆಲೆ ಲಕ್ಷಗಳಲ್ಲಿ. ನಮ್ಮ ನಿಮ್ಮಂಥವರ ಮನೆಗೆ ಈ ವಿದ್ಯೆ ಇಳಿದು ಬಂದ ದಾರಿ ಬೇರೆ. 1962ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಎಂಬಿಬ್ಬರು, ಆವೇಶವನ್ನು ಕಾಯಮ್ಮಾಗಿ ತನ್ನೊಳಗೇ ಹಿಡಿದಿಟ್ಟುಕೊಳ್ಳುವ ಪ್ಲಾಸ್ಟಿಕ್ ಹಾಳೆಯಿಂದ ಮೈಕ್ ಮಾಡಿದರು. ಅದೇ ಎಲೆಕ್ಟ್ರೆಟ್. ಕಂಡೆನ್ಸರ್ ಮೈಕ್ ಅಗ್ಗವಾದದ್ದು, ಟೇಪ್‌ರೆಕಾರ್ಡರಿನಲ್ಲೂ ಫೋನಿನಲ್ಲೂ ಬಂದು ಕೂತದ್ದು ಅದರಿಂದ.

ಮನೆಯಿಂದ ಧ್ವನಿ ಹೊರಡಿಸುವ ಉತ್ಸಾಹ ಕನ್ನಡಿಗರಿಗೆ ಮೊಬೈಲ್ ಕಾಲದಲ್ಲಿ ಹುಟ್ಟಿದ್ದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಚಿಕ್ಕ ಪ್ರಸಾರಯಂತ್ರವಿಟ್ಟು ಬಾನುಲಿ ಕೇಂದ್ರ ಶುರುಮಾಡಿದರು. ಆಕಾಶವಾಣಿ ಎಂಬ ಹೆಸರು ಆ ಕೇಂದ್ರದ್ದು; ಇಡೀ ದೇಶದ ರೇಡಿಯೊಗೆ ಅದು ಅಂಟಿಕೊಂಡದ್ದು ಆಮೇಲೆ. ಇಂದು ಮಲಗುವ ಕೋಣೆಯಲ್ಲಿ ಮೈಕ್ ಇಟ್ಟುಕೊಂಡು ಕೂರುವ ಹುಡುಗ ಹುಡುಗಿಯರು ಅವರ ವಾರಸುದಾರರು ಎಂದೇ ನನ್ನ ಎಣಿಕೆ.

ಈಗ ಅಂಗಡಿಯ ಮಾತು. ಮೈಕಿನ ಪೆಟ್ಟಿಗೆಯ ಮೇಲೆ ಒಂದು ಅಂಕಿ ಇರುತ್ತದೆ, ಸ್ವಂತ ಗದ್ದಲದ್ದು. ಎಲ್ಲ ಮೈಕೂ ತನ್ನೊಳಗಿನ ಸರ್ಕ್ಯೂಟಿನಿಂದ ಒಂದಿಷ್ಟು ಹಿಸ್ಸೆನ್ನುವ ಸದ್ದು ಸೇರಿಸುತ್ತದೆ. ರೋಡ್ ಕಂಪನಿಯ ಎನ್‌ಟಿ1 ಈ ಲೆಕ್ಕದಲ್ಲಿ 4.5 ಡೆಸಿಬಲ್ ಎಂದು ಹೆಸರುಮಾಡಿದ ಮೈಕ್. ಆಡಿಯೊ ಟೆಕ್ನಿಕಾದ ಎಟಿ2020, ಎಷ್ಟೋ ಜನ ಮೊದಲು ಕೊಳ್ಳುವ ಮೈಕ್, 20 ಡೆಸಿಬಲ್. ಕಾಗದದ ಮೇಲೆ ಅಜಗಜಾಂತರ. ಆದರೆ ನಿಮ್ಮ ಕೋಣೆ ಎಷ್ಟು ನಿಶ್ಶಬ್ದ? ನಿದ್ದೆ ಚೆನ್ನಾಗಿ ಬರಬೇಕಾದರೆ ಮಲಗುವ ಕೋಣೆಯಲ್ಲಿ ಸದ್ದು 30 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿತ್ತು. ಬೆಂಗಳೂರಿನ ಮುಖ್ಯರಸ್ತೆಯ ಪಕ್ಕದ ಮನೆಗಳಲ್ಲಿ ನಡುರಾತ್ರಿಯಲ್ಲೂ ಅಷ್ಟು ಶಾಂತಿ ಅಪರೂಪ. ಅಂಥ ಕೋಣೆಯಲ್ಲಿ ಮೈಕಿನ ಹಿಸ್ಸು ಬಹುಮಟ್ಟಿಗೆ ಕೋಣೆಯ ಗದ್ದಲದಡಿ ಮುಳುಗಿಯೇ ಇರುತ್ತದೆ. ಹೆಚ್ಚು ಹಣ ತೆತ್ತು ತಂದ ನಿಶ್ಶಬ್ದ ಅಲ್ಲಿ ಕೇಳಿಸುವುದೇ ಇಲ್ಲ. ತೀರ್ಥಹಳ್ಳಿಯ ಕಡೆಯ ಒಂಟಿ ತೋಟದ ಮನೆಯಲ್ಲಿ, ಮಳೆಯಿಲ್ಲದ ರಾತ್ರಿ ತಂಬೂರಿ ಮೀಟಿ ರೆಕಾರ್ಡ್ ಮಾಡುವವರಿಗೆ ಮಾತ್ರ ಆ ಅಂತರ ನಿಜವಾಗಿ ಬೇಕು.

ನಾನು ಆ ಅಂಕಿಗಿಂತ ಹೆಚ್ಚು ಗಮನ ಕೊಡುವುದು ಮೈಕಿನ ಮೇಲುಸ್ವರದ ಸ್ವಭಾವಕ್ಕೆ. ಇದರ ಹಿಂದೆ ತಿಳಿಯಬೇಕಾದ ಕಥೆಯೊಂದಿದೆ. ನಾಯ್ಮನ್ ಕಂಪನಿ 1960ರಲ್ಲಿ ಯು 67 ತಂದಾಗ ಅದರ ಕ್ಯಾಪ್ಸೂಲನ್ನು, ಅಂದರೆ ಪೊರೆ ಮತ್ತು ತಟ್ಟೆಯ ಜೋಡಿಯನ್ನು, ಮೇಲಿನ ಆವರ್ತನಗಳು ಬೇಕೆಂದೇ ಎದ್ದು ಕೇಳುವಂತೆ ಮಾಡಿತು, ಹಿಂದಿನ ಸರ್ಕ್ಯೂಟಿನಲ್ಲಿ ಅದನ್ನು ಮತ್ತೆ ತಗ್ಗಿಸಿ ಸಮ ಮಾಡಿತು. ಹೀಗೆ ಮಾಡಿದರೆ ಸರ್ಕ್ಯೂಟಿನ ಹಿಸ್ಸೂ ಜೊತೆಗೇ ತಗ್ಗುತ್ತದೆ, ಜಾಣ ಉಪಾಯ. ಆ ಕ್ಯಾಪ್ಸೂಲನ್ನು ನೋಡಿ ಮುಂದೆ ಬಹಳ ಮಂದಿ ಅಗ್ಗದ ನಕಲು ಮಾಡಿದರು. ತಗ್ಗಿಸುವ ಸರ್ಕ್ಯೂಟನ್ನು ಎಷ್ಟೋ ಜನ ನಕಲು ಮಾಡಲಿಲ್ಲ. ಅಂಥ ಮೈಕನ್ನು ಅಂಗಡಿಯಲ್ಲಿ ಒಂದು ನಿಮಿಷ ಕೇಳಿದರೆ ಆಹಾ, ಎಷ್ಟು ಸ್ಪಷ್ಟ ಅನಿಸುತ್ತದೆ. ಮನೆಗೆ ತಂದು ಒಂದು ಅಧ್ಯಾಯ ಓದಿದ ಮೇಲೆ ಸಕಾರ ಶಕಾರ ಛಕಾರಗಳೆಲ್ಲ ಕಿವಿಗೆ ಚುಚ್ಚತೊಡಗುತ್ತವೆ. ನಮ್ಮ ಸಾಹಿತ್ಯದ ಓದಿನಲ್ಲಿ ಈ ಅಕ್ಷರಗಳು ಎಷ್ಟು ಒತ್ತಾಗಿ ಬರುತ್ತವೆ ಎಂಬುದು ಹಳಗನ್ನಡದ ಒಂದು ಪುಟ ಗಟ್ಟಿಯಾಗಿ ಓದಿದವರಿಗೆ ಗೊತ್ತು. ಆದ್ದರಿಂದ ಮೈಕ್ ಪರೀಕ್ಷೆಗೆ ಹಲೋ ಹಲೋ ಸಾಲದು. ನೀವು ನಿಜವಾಗಿ ಓದುವ ಪುಟವನ್ನೇ ಒಯ್ದು ಓದಿ, ಹೆಡ್‌ಫೋನಿನಲ್ಲಿ ಪೂರ್ತಿ ಕೇಳಿ. ನಿಮ್ಮ ದನಿ ಮೊದಲೇ ತೀಕ್ಷ್ಣವಾಗಿದ್ದರೆ ಸ್ವಲ್ಪ ಮಂದವಾಗಿ ಕೇಳುವ ಮೈಕ್ ಆರಿಸಿ. ಅದು ಕಡಿಮೆ ಬೆಲೆಯದಾಗಿದ್ದರೆ ಇನ್ನೂ ಒಳ್ಳೆಯದು.

ಆನ್‌ಲೈನಿನಲ್ಲಿ ಸ್ಟ್ಯಾಂಡು, ಸ್ಪಂಜು, ಸೌಂಡ್ ಕಾರ್ಡ್ ಎಲ್ಲ ಸೇರಿಸಿ ಒಂದೆರಡು ಸಾವಿರಕ್ಕೆ ಸಿಗುವ ಕಿಟ್‌ಗಳ ಸಹವಾಸ ಬೇಡ. ಹೊರಗೆ ಸ್ಟುಡಿಯೊ ಮೈಕಿನ ದೊಡ್ಡ ಮೈ, ಒಳಗೆ ಹಲವು ಬಾರಿ ಬಟನ್ನಿನಷ್ಟು ಕ್ಯಾಪ್ಸೂಲ್. ನಂಬಿಕಸ್ಥ ಕಂಪನಿಯ ಒಂದು ಸಾಧಾರಣ ಕಂಡೆನ್ಸರ್ ಮೈಕ್, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ, ಎರಡು ತೂತಿನ ಒಂದು ಆಡಿಯೊ ಇಂಟರ್‌ಫೇಸ್, ಗಟ್ಟಿಯಾದ ಸ್ಟ್ಯಾಂಡ್, ಕಿವಿ ಮುಚ್ಚುವ ಹೆಡ್‌ಫೋನ್ ಇಷ್ಟಿದ್ದರೆ ಕೆಲಸ ನಡೆಯುತ್ತದೆ. ಒಬ್ಬರೇ ಮಾತಾಡುವ ಪಾಡ್‌ಕಾಸ್ಟಿಗೆ ಯುಎಸ್‌ಬಿ ಮೈಕೂ ಸಾಕು. ಮುಂದೆ ತಂಬೂರಿಗೊಂದು, ದನಿಗೊಂದು ಎಂದು ಎರಡು ಮೈಕ್ ಬೇಕಾಗಬಹುದು ಎನ್ನುವವರು ಇಂಟರ್‌ಫೇಸಿಗೆ ಸಿಕ್ಕಿಸುವ ಎಕ್ಸ್‌ಎಲ್‌ಆರ್ ಮೈಕಿನ ದಾರಿಯನ್ನೇ ಹಿಡಿಯಲಿ.

ಇನ್ನು ಕೋಣೆ. ನಮ್ಮ ಈಗಿನ ಮನೆಗಳು ಧ್ವನಿಗೆ ಬಹಳ ನಿರ್ದಯವಾಗಿವೆ. ನೆಲಕ್ಕೆ ನುಣುಪಾದ ಟೈಲ್ಸ್, ನಾಲ್ಕೂ ಕಡೆ ಗಾರೆ ಗೋಡೆ, ಮೇಲೆ ಕಾಂಕ್ರೀಟ್ ತಾರಸಿ, ಕಿಟಕಿಗೆ ದೊಡ್ಡ ಗಾಜು. ಹಾಲ್‌ನಲ್ಲಿ ಒಂದು ಚಪ್ಪಾಳೆ ತಟ್ಟಿ ನೋಡಿ, ಸದ್ದು ಗೋಡೆಯಿಂದ ಗೋಡೆಗೆ ಓಡಾಡುವುದು ಕೇಳಿಸುತ್ತದೆ. ನಮ್ಮ ಕಿವಿ ಈ ಅನುರಣನಕ್ಕೆ ಒಗ್ಗಿಹೋಗಿ ಅದನ್ನು ಬದಿಗೆ ತಳ್ಳಿಬಿಡುತ್ತದೆ. ಮೈಕಿಗೆ ಆ ದಾಕ್ಷಿಣ್ಯವಿಲ್ಲ. ಬಾವಿಯಿಂದ ಮಾತಾಡಿದ ಹಾಗಿದೆ ಎಂದು ಕೇಳುಗರು ಹೇಳಿದರೆ ದೋಷ ಸಾಮಾನ್ಯವಾಗಿ ಈ ಗೋಡೆಗಳದ್ದು.

ಇದಕ್ಕೆ ಜನ ಮಾಡುವ ಉಪಾಯಗಳಲ್ಲಿ ಮೊಟ್ಟೆಯ ಟ್ರೇ ಅಂಟಿಸುವುದು ಬಲು ಹಳೆಯದು. ಪ್ರಯೋಜನ ಇಲ್ಲವೆನ್ನುವಷ್ಟು ಕಡಿಮೆ. ಒಂದಂಗುಲದ ಕಪ್ಪು ಫೋಮ್ ಅಂಟಿಸಿದರೆ ಮೇಲಿನ ಸ್ವರಗಳನ್ನು ಅದು ಹೀರುತ್ತದೆ, ಕೆಳಗಿನವು ಅದರ ಮೂಲಕ ಹಾದುಹೋಗುತ್ತವೆ. 100 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 3.4 ಮೀಟರ್, ಗಂಡುದನಿಯ ತಳಸ್ವರ ಇರುವುದು ಆ ಆಸುಪಾಸಿನಲ್ಲೇ. ಅಂಥ ಅಲೆಯನ್ನು ಒಂದಂಗುಲದ ಸ್ಪಂಜು ಹೇಗೆ ತಡೆದೀತು? ಫೋಮ್ ಹಚ್ಚಿದ ಕೋಣೆಯಲ್ಲಿ ದನಿ ಮಂಕಾಗಿಯೂ ಗುಮ್ಮೆಂದೂ ಕೇಳುವುದು ಇದರಿಂದಲೇ. ಹೊರಗಿನ ಹಾರನ್ ಸದ್ದನ್ನು ಫೋಮ್ ತಡೆಯುತ್ತದೆ ಎಂದು ನಂಬಿದವರೂ ಇದ್ದಾರೆ. ಅದು ಒಳಗಿನ ಪ್ರತಿಧ್ವನಿಯನ್ನು ಕಡಿಮೆ ಮಾಡೀತು, ಹೊರಗಿನದನ್ನು ತಡೆಯಲು ತೂಕವಿರುವ ಗೋಡೆ ಬೇಕು, ಸಂದಿಯಿಲ್ಲದ ಬಾಗಿಲು ಬೇಕು.

ಮನೆಯಲ್ಲೇ ಇರುವ ಹತ್ತಿಯ ಹಾಸಿಗೆ ಇದಕ್ಕಿಂತ ಮೇಲು. ದಪ್ಪವಿದೆ, ಒಳಗೆ ಗಾಳಿ ಹಿಡಿದಿಟ್ಟುಕೊಳ್ಳುವ ನಾರಿದೆ. ಅದನ್ನು ಮಡಿಸದೆ ನಿಮ್ಮ ಬೆನ್ನ ಹಿಂದೆ ಗೋಡೆಗೆ ಆನಿಸಿ ನಿಲ್ಲಿಸಿ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು ಅದಕ್ಕೆ ಬೆನ್ನು ಮಾಡಿ ಕುಳಿತರೂ ಆಗುತ್ತದೆ. ಬೆನ್ನ ಹಿಂದೆ ಯಾಕೆಂದರೆ, ಮನೆಯಲ್ಲಿ ಬಳಸುವ ಹೆಚ್ಚಿನ ಕಂಡೆನ್ಸರ್ ಮೈಕುಗಳು ಕಾರ್ಡಿಯಾಯ್ಡ್ ಬಗೆಯವು. ಮುಂದಿನದು ಚೆನ್ನಾಗಿ ಕೇಳುತ್ತದೆ, ಹಿಂದಿನದಕ್ಕೆ ಹೆಚ್ಚುಕಡಿಮೆ ಕಿವುಡು. ಅದು ನೋಡುತ್ತಿರುವುದು ನಿಮ್ಮನ್ನು, ಮತ್ತು ನಿಮ್ಮ ಹಿಂದಿನ ಗೋಡೆಯನ್ನು. ಮೈಕಿನ ಮೇಲೆ ದುಡ್ಡು ಸುರಿದು ಮೈಕಿನ ಹಿಂದೆ ಮಾತ್ರ ಫೋಮ್ ಕಟ್ಟಿಕೊಂಡವರು ಈ ಗೋಡೆಯನ್ನು ಮರೆತಿರುತ್ತಾರೆ. ಮೈಕಿನ ಕಿವುಡು ಬೆನ್ನನ್ನು ಕಿಟಕಿಯ ಕಡೆಗೋ ಕಂಪ್ಯೂಟರಿನ ಫ್ಯಾನಿನ ಕಡೆಗೋ ತಿರುಗಿಸಿಟ್ಟರೆ ಅರ್ಧ ಗದ್ದಲ ಬಿಟ್ಟಿಯಾಗಿ ಹೋಗುತ್ತದೆ.

ದೂರದ ಮಾತು ಎಲ್ಲಕ್ಕಿಂತ ದೊಡ್ಡದು. ಗೋಡೆಗಳಿಲ್ಲದ ಬಯಲಿನಲ್ಲಿ ದೂರ ಎರಡು ಪಟ್ಟಾದರೆ ದನಿ 6 ಡೆಸಿಬಲ್ ಇಳಿಯುತ್ತದೆ. ಕೋಣೆಯಲ್ಲಿ ನೀವು ಹಿಂದೆ ಸರಿದಂತೆ ನಿಮ್ಮ ದನಿ ಇಳಿಯುತ್ತದೆ, ಕೋಣೆಯ ಅನುರಣನ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಆದ್ದರಿಂದ ಹತ್ತಿರ ಹೋಗಬೇಕು. ತೀರಾ ಹತ್ತಿರ ಹೋದರೆ ಕಾರ್ಡಿಯಾಯ್ಡ್ ಮೈಕಿನಲ್ಲಿ ಕೆಳಸ್ವರ ಉಬ್ಬಿಕೊಂಡು ದನಿ ಗವಿಯೊಳಗಿಂದ ಬಂದ ಹಾಗಾಗುತ್ತದೆ. ಓದಿಗೂ ಭಾವಗೀತೆಗೂ ಒಂದು ಗೇಣು ಸರಿಯಾದ ಅಳತೆ. ಹೆಬ್ಬೆರಳ ತುದಿ ತುಟಿಗೆ, ಕಿರುಬೆರಳ ತುದಿ ಮೈಕಿಗೆ. ತಾರಸ್ಥಾಯಿಗೆ ಹೋಗುವಾಗ ತುಸು ಹಿಂದೆ ಬಾಗಬೇಕು, ಮಂದ್ರಕ್ಕೆ ಇಳಿದಾಗ ಮುಂದೆ ಬರಬೇಕು. ಗಮಕಿಗಳು ಇದನ್ನು ಬೇಗ ಕಲಿಯುತ್ತಾರೆ ಎಂಬುದನ್ನು ಗಮನಿಸಿದ್ದೇನೆ, ದನಿಯ ಏರಿಳಿತ ಅವರಿಗೆ ಮೈಯಲ್ಲೇ ಇರುತ್ತದೆ. ವೀಣೆಗೆ ಒಂದೂವರೆ ಎರಡು ಗೇಣು ದೂರ ಬೇಕು, ಕೊಡದ ಸಮೀಪಕ್ಕೆ ಮೈಕ್ ಒಯ್ದರೆ ನಾದದ ಒಂದು ತುಂಡಷ್ಟೇ ಸಿಗುತ್ತದೆ.

ನಮ್ಮ ಮಹಾಪ್ರಾಣಗಳನ್ನು ಸಂಭಾಳಿಸುವುದು ಪ್ರತ್ಯೇಕ ಕೆಲಸ. ಭ, ಫ, ಖ, ಥಗಳಲ್ಲಿ ದನಿಯ ಜೊತೆಗೆ ಗಾಳಿಯೂ ನುಗ್ಗಿ ಪೊರೆಯನ್ನು ಗುದ್ದುತ್ತದೆ. ಪ, ಬಗಳೂ ಕಡಿಮೆಯಿಲ್ಲ. ಮೈಕಿಗೆ ನಾಲ್ಕು ಬೆರಳು ಮುಂದೆ ಗಾಳಿಯ ಗುದ್ದು ತಡೆಯುವ ಪಾಪ್ ಫಿಲ್ಟರ್ ಇಡಿ. ಮೈಕನ್ನು ಬಾಯಿಗೆ ನೇರವಾಗಿ ಇಡದೆ ಬಾಯಿಯ ಮೂಲೆಯ ಕಡೆಯಿಂದ ಓರೆಯಾಗಿ ಇಟ್ಟರೆ ಗಾಳಿ ಪಕ್ಕಕ್ಕೆ ಹಾದುಹೋಗುತ್ತದೆ, ದನಿ ಮಾತ್ರ ಮೈಕಿಗೆ ಸಲ್ಲುತ್ತದೆ. ಭಾರತವನ್ನು ಬಾರತ ಎಂದು ಓದಿ ಈ ತೊಂದರೆಯಿಂದ ತಪ್ಪಿಸಿಕೊಳ್ಳುವ ಅಭ್ಯಾಸವೊಂದು ಕಾಣತೊಡಗಿದೆ, ದಯವಿಟ್ಟು ಬೇಡ. ಮೈಕ್ ಓರೆ ಮಾಡಿ, ಭಾಷೆಯನ್ನು ನೇರವಾಗಿಯೇ ಇಡಿ.

ದೊಡ್ಡ ಪೊರೆಯ ಮೈಕುಗಳಲ್ಲಿ ಹೆಚ್ಚಿನವಕ್ಕೆ ಮುಖ ಇರುವುದು ಪಕ್ಕದಲ್ಲಿ, ತುದಿಯಲ್ಲಲ್ಲ. ವೇದಿಕೆಯ ಅಭ್ಯಾಸದಿಂದ ತುದಿಗೆ ಮಾತಾಡಿ, ಮೈಕ್ ಕೆಟ್ಟಿದೆ ಎಂದು ಅಂಗಡಿಗೆ ಮರಳಿಸಿದವರಿದ್ದಾರೆ. ಕಂಪನಿಯ ಗುರುತು ಸಾಮಾನ್ಯವಾಗಿ ಮುಖದ ಕಡೆಗೇ ಇರುತ್ತದೆ. ಊದಿ, ತಟ್ಟಿ ಪರೀಕ್ಷಿಸುವುದೂ ವೇದಿಕೆಯ ಅಭ್ಯಾಸವೇ. ಕಂಡೆನ್ಸರಿನ ಪೊರೆಗೆ ಅದು ಪೆಟ್ಟು, ಉಸಿರಿನ ತೇವ ಇನ್ನೊಂದು ಪೆಟ್ಟು. ಕೇಬಲ್ ಸಿಕ್ಕಿಸಿ, ವಾಲ್ಯೂಮ್ ತಗ್ಗಿಸಿ, ಆಮೇಲೆ ಇಂಟರ್‌ಫೇಸಿನ 48 ವೋಲ್ಟ್ ಗುಂಡಿ ಒತ್ತಿ. ಆ ವಿದ್ಯುತ್ತಿಲ್ಲದೆ ಈ ಮೈಕ್ ಮಾತಾಡುವುದಿಲ್ಲ. 24 ಬಿಟ್‌ನಲ್ಲಿ ಮುದ್ರಿಸಿ, ಅತಿ ಗಟ್ಟಿಯಾದ ಜಾಗದಲ್ಲೂ ಮೀಟರಿನ ಮುಳ್ಳು ಮೈನಸ್ 12 ಡೆಸಿಬಲ್ಲಿನ ಹತ್ತಿರ ನಿಲ್ಲಲಿ. ಟೇಪಿನ ಕಾಲದ ಹಾಗೆ ಕೆಂಪಿನವರೆಗೆ ಏರಿಸುವ ಅಗತ್ಯ ಈಗಿಲ್ಲ. ಸಣ್ಣದಾಗಿ ಮುದ್ರಿಸಿದ್ದನ್ನು ಆಮೇಲೆ ಹಿಗ್ಗಿಸಬಹುದು, ಒಡೆದ ದನಿಯನ್ನು ಕೂಡಿಸಲಾಗದು.

ಕರಾವಳಿ ಮಲೆನಾಡಿನವರಿಗೆ ಒಂದು ಎಚ್ಚರಿಕೆ. ಮಳೆಗಾಲದ ತೇವ ಕ್ಯಾಪ್ಸೂಲಿನ ಮೇಲೆ ಕೂತರೆ ಆವೇಶ ಸೋರಿ ಚಿಟಪಟ ಸದ್ದು ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈಕನ್ನು ಸ್ಟ್ಯಾಂಡಿನ ಮೇಲೆ ಬಿಡದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಇಷ್ಟೆಲ್ಲ ಮಾಡಿದರೂ ಕೆಲವು ಮನೆಗಳು ಕಂಡೆನ್ಸರಿಗೆ ಒಗ್ಗುವುದಿಲ್ಲ. ಸಿಗ್ನಲ್ ಪಕ್ಕದ ಮೊದಲ ಮಹಡಿ, ಕಟ್ಟಡ ಏಳುತ್ತಿರುವ ಬೀದಿ, ಮೂರು ಮಕ್ಕಳ ಮನೆ. ಅಲ್ಲಿ ಡೈನಾಮಿಕ್ ಮೈಕ್ ಕೊಳ್ಳಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಡೈನಾಮಿಕ್ ಮೈಕಿಗೆ ಗದ್ದಲ ಕೇಳಿಸುವುದಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಎರಡನ್ನೂ ಒಂದೇ ದೂರದಲ್ಲಿಟ್ಟರೆ ಕೋಣೆ ಎರಡಕ್ಕೂ ಬಹುತೇಕ ಅಷ್ಟೇ ಕೇಳಿಸುತ್ತದೆ. ಡೈನಾಮಿಕ್ ಮೈಕನ್ನು ತುಟಿಗೆ ಎರಡು ಮೂರು ಬೆರಳಿನಷ್ಟು ಹತ್ತಿರ ತರಬಹುದು, ಅದರ ಲಾಭ ಇರುವುದು ಅಲ್ಲಿ. ಶ್ಯೂರ್ ಕಂಪನಿಯ ಎಸ್‌ಎಂ58, 1966ರಿಂದ ಇಂದಿನವರೆಗೂ ಮಾರಾಟವಾಗುತ್ತಿರುವ ಮೈಕ್, ಗದ್ದಲದ ಮನೆಯ ಓದುಗರಿಗೆ ದುಬಾರಿ ಕಂಡೆನ್ಸರಿಗಿಂತ ಒಳ್ಳೆಯ ಜೊತೆ.

ಹಾಗಾಗಿ ಈ ವಾರವೇ ಒಂದು ಕೆಲಸ ಮಾಡಿ. ಅಂಗಡಿಗೆ ಹೋಗುವ ಮೊದಲು, ಕೈಯಲ್ಲಿರುವ ಫೋನನ್ನೇ ಒಂದು ಗೇಣು ದೂರದಲ್ಲಿಟ್ಟು ಮನೆಯ ಪ್ರತಿ ಕೋಣೆಯಲ್ಲೂ ಅದೇ ಒಂದು ಪುಟ ಓದಿ. ಬೆಳಗಿನ ಜಾವ ಒಮ್ಮೆ, ರಾತ್ರಿ ಊಟವಾದ ಮೇಲೆ ಒಮ್ಮೆ. ಕೊನೆಗೆ ಹತ್ತು ಸೆಕೆಂಡು ಸುಮ್ಮನಿದ್ದು ಬರೀ ಕೋಣೆಯನ್ನು ಮುದ್ರಿಸಿ. ಹೆಡ್‌ಫೋನ್ ಹಾಕಿ ಕೇಳಿದರೆ ಯಾವ ಮೂಲೆ ಯೋಗ್ಯ, ಯಾವ ಹೊತ್ತು ಯೋಗ್ಯ ಎಂಬುದು ತಿಳಿಯುತ್ತದೆ. ಮೈಕ್ ಆರಿಸುವುದು ಆಮೇಲೆ ಸುಲಭ.

ಮೈಕ್ ಬಂದ ಮೇಲೆ ಮನೆಯ ಹಿರಿಯರನ್ನು ಮೊದಲು ಅದರ ಮುಂದೆ ಕೂರಿಸಿ. ಅವರಿಗೆ ಬರುವ ಸೋಬಾನೆ ಪದ, ಅಡುಗೆಯ ಲೆಕ್ಕ, ಊರಿನ ಹಳೆಯ ಜಗಳದ ಕಥೆ, ಏನಾದರೂ ಸರಿ. ಅವರ ಉಸಿರು ಸಮೇತ ಅದು ಉಳಿಯಲಿ. ವೇವ್ ಕಡತವಾಗಿಯೇ ಇಡಿ. 48 ಕಿಲೊಹರ್ಟ್ಸ್, 24 ಬಿಟ್‌ನ ಒಂಟಿ ಮೈಕಿನ ಮುದ್ರಣ ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ, ಈಗಿನ ಡಿಸ್ಕುಗಳಿಗೆ ಅದು ಹೊರೆಯಲ್ಲ. ಎರಡು ಬೇರೆ ಬೇರೆ ಕಡೆ ಪ್ರತಿ ಇರಲಿ. ಕಡತದ ಹೆಸರಿನಲ್ಲೇ ಹೇಳಿದವರ ಹೆಸರು, ಊರು, ತಾರೀಕು ಬರೆದಿಡಿ.